ಪೊರಕೆ ಕಡ್ಡಿ ತಡೆದ ಮಳೆ

ನಿನಿಂಗ್: ಇವನ್ನ ಹಿತ್ತಲಲ್ಲಿ ನೆಟ್ಟೋರು ಯಾರು? ನನ್ನ ಮುಖ ನೋಡಿ ಹೇಳಿ.

ಎಂಕೋಸ್: ಯಾವುದನ್ನ?

ನಿನಿಂಗ್: ಪೊರಕೆ ಕಡ್ಡಿ ರೀ! ತುದೀಲಿ ಕೆಂಪು ಮೆಣಸಿನಕಾಯಿ, ಅದರ ಕೆಳಗೊಂದು ಈರುಳ್ಳಿ. ಸಂಬಲ್ ಚಟ್ನಿ ಅರೆಯೋಕೆ ಈರುಳ್ಳಿ ಹುಡುಕ್ತಾ ಬಂದರೆ, ಎಲ್ಲಾ ಇಲ್ಲಿ ಸಾಲಾಗಿ ನಿಂತಿವೆ!

ಎಂಕೋಸ್: ಓ, ಅದಾ. ಮಳೆ ಬರದೇ ಇರಲಿ ಅಂತ ನೆಟ್ಟೆ ಕಣೇ. ಮದುವೆ ಚಪ್ಪರದ ಹಿಂದೆ ನೆಡಲ್ವಾ, ಹಾಗೆ.

ನಿನಿಂಗ್: ಇಲ್ಲಿ ಯಾರಿಗೆ ಮದುವೆ? ನಿಮಗಾ?

ಚಿಸಾರುವಾ ಎಂಬ ಊರಿನ ಗುಡ್ಡದ ಮೇಲೆ, ಚಹಾ ತೋಟದ ಅಂಚಿನಲ್ಲಿ, ಈ ಗಂಡ ಹೆಂಡತಿ ಎರಡು ಕೋಣೆಯ ಅತಿಥಿಗೃಹ ನಡೆಸುತ್ತಿದ್ದರು. ಅಲ್ಲಿ ಜನವರಿಯೆಂದರೆ ಜಡಿಮಳೆಯ ಕಾಲ; ಹಾಕಿದ ಬಟ್ಟೆ ಒಣಗುವುದಿಲ್ಲ, ಬಂದವರು ನಿಲ್ಲುವುದಿಲ್ಲ. ಈ ಸಲ ನಿನಿಂಗ್ ಫೋನಿನಲ್ಲಿ ಹೇಳಿ ಹೇಳಿ, ಮರಳುಗಾಡಿನ ಊರಿನ ಹಮೂದ್ ಎಂಬವರನ್ನು ಒಪ್ಪಿಸಿದ್ದಳು. ಅವರು ತಾಯಿಯನ್ನೂ ಕರೆತಂದಿದ್ದರು. ಎಂಬತ್ತು ದಾಟಿದ ಆ ಮುದುಕಿ ಹುಟ್ಟಿದಾಗಿನಿಂದ ಒಂದು ಪೂರಾ ಮಳೆ ನೋಡಿದವಳಲ್ಲ. ಬಂದು ನಾಲ್ಕು ದಿನವಾಯಿತು, ಒಂದು ಹನಿಯಿಲ್ಲ. ನಾಳೆ ಬೆಳಗ್ಗೆ ಹೊರಡುವವರು.

ನಿನಿಂಗ್: ನಾನು ಅವರಿಗೆ ಏನಂತ ಮಾತು ಕೊಟ್ಟಿದ್ದೆ ಗೊತ್ತೇನ್ರೀ? ಮಳೆಗಾಲದಲ್ಲೇ ಬನ್ನಿ, ಜಲಪಾತ ತುಂಬಿ ಬೀಳ್ತಿರುತ್ತೆ, ರಸ್ತೇಲಿ ಗಾಡಿಗಳ ಜಾತ್ರೆ ಇರಲ್ಲ, ರಂಬುಟಾನ್ ಹಣ್ಣನ್ನ ಮರದಿಂದಲೇ ಕಿತ್ತು ತಿನ್ನಬಹುದು. ಮಧ್ಯಾಹ್ನ ಆದರೆ ಸಾಕು, ಮಳೆ ಹೊಯ್ಯುತ್ತೆ, ಕಿಟಕೀ ಹತ್ರ ಕೂತು ಬಿಸಿಬಿಸಿ ಶುಂಠಿ ಕಷಾಯ ಕುಡೀಬಹುದು ಅಂತ!

ಎಂಕೋಸ್: ಅತಿಥಿಗಳು ನೆನೆದರೆ ನಮಗೇ ಮರ್ಯಾದೆ ಅಲ್ಲ ಅಂತ, ಬರೋ ಹಿಂದಿನ ದಿನ ಒಂದೇ ಒಂದು ನೆಟ್ಟಿದ್ದೆ.

ನಿನಿಂಗ್: ಇಲ್ಲಿ ಹತ್ತಿವೆ.

ಎಂಕೋಸ್: ಮೊದಲನೇ ದಿನ ಆ ಹಮೂದಣ್ಣ ಅಂಗಳಕ್ಕೆ ಬಂದು, ಅಂಗೈ ಮೇಲೆತ್ತಿ, ಆಕಾಶ ನೋಡಿ, “ಮಳೆ ಇಲ್ಲ” ಅಂದ. ದೇವರಿಗೆ ವಂದನೆ ಹೇಳ್ತಿದಾನೆ ಅಂದ್ಕೊಂಡೆ. ಇನ್ನೊಂದು ನೆಟ್ಟೆ.

ನಿನಿಂಗ್: ಆಮೇಲೆ?

ಎಂಕೋಸ್: ಮಾರನೇ ದಿನ ತಾಯೀನೂ ಅಂಗೈ ಎತ್ತಿದರು. ಇಬ್ಬರಿಗೂ ಸಂತೋಷ ಅಂತ ಎರಡು ನೆಟ್ಟೆ.

ನಿನಿಂಗ್: ಮಿಕ್ಕ ಆರು?

ಎಂಕೋಸ್: ನಿನ್ನೆ ಮುದುಕಮ್ಮನ ಕಣ್ಣಲ್ಲಿ ನೀರು. ಆನಂದಬಾಷ್ಪ ಅಂದ್ಕೊಂಡುಬಿಟ್ಟೆ ಕಣೇ.

ನಿನಿಂಗ್: ಅಯ್ಯೋ ನಿಮ್ಮ ಬುದ್ಧಿಗೆ! ನೆಟ್ಟವರೇ ಕೀಳಬೇಕು ಅಂತ ಪದ್ಧತಿ, ಇಲ್ಲದಿದ್ರೆ ನಾನೇ ಕೀಳ್ತಿದ್ದೆ. ಈಗಲೇ ಕೀಳಿ.

ಎಂಕೋಸ್: ನಾಳೆ ಅವರು ಹೋಗಲಿ, ಕೀಳ್ತೀನಿ.

ಹಾಗೆಂದವನು ಕಿವಿಯ ಹಿಂದೆ ಕೆರೆದುಕೊಂಡ. ಮೂವತ್ತು ವರ್ಷ ಸಂಸಾರ ಮಾಡಿದ ನಿನಿಂಗ್‌ಗೆ ಆ ಕೆರೆತ ಗೊತ್ತಿತ್ತು. ಹೇಳಿದ್ದು ಮುಗಿದಿಲ್ಲ, ಹೇಳಬೇಕಾದ್ದು ಇನ್ನೂ ಒಳಗಿದೆ.

ನಿನಿಂಗ್: ನಿಜ ಹೇಳಿ.

ಎಂಕೋಸ್: ಅವರ ಕೋಣೆ ಮೇಲೆ ಒಂದು ಹೆಂಚು ಒಡೆದಿತ್ತಲ್ಲ...

ನಿನಿಂಗ್: ಅದು ಹೋದ ವರ್ಷದ್ದು! ಬೇಸಿಗೇಲಿ ಸರಿ ಮಾಡ್ತೀನಿ ಅಂತ ಏಣಿ ತಂದಿದ್ರಲ್ಲ?

ಎಂಕೋಸ್: ಏಣಿ ತಂದೆ. ಅಷ್ಟೊತ್ತಿಗೆ ಮಳೆ ನಿಂತಿತ್ತು. ಸೋರದೇ ಇರೋ ತೂತನ್ನ ಎಲ್ಲೀಂತ ಹುಡುಕಲಿ?

ನಿನಿಂಗ್: ಅಂದ್ರೆ ಒಂದು ಹೆಂಚು ಬದಲಾಯಿಸೋ ಸೋಮಾರಿತನಕ್ಕೆ ಇಡೀ ಗುಡ್ಡದ ಮಳೆ ಕಟ್ಟಿಹಾಕಿದ್ರಾ?

ಎಂಕೋಸ್: ಏಣಿ ಹತ್ತೋದಕ್ಕಿಂತ ಕಡ್ಡಿ ನೆಡೋದು ಸಲೀಸು ಕಣೇ.

ನಿನಿಂಗ್: ಕೀಳಿ! ಕೋಣೆ ಸೋರಿದ್ರೆ ಸೋರಲಿ. ಆ ಮುದುಕಮ್ಮ ಮಳೆ ನೋಡದೆ ಹೋದರೆ ನನ್ನ ಮಾತು ಸುಳ್ಳಾಗುತ್ತೆ. ಆಮೇಲೆ ಮಳೆಗಾಲದಲ್ಲಿ ನಮ್ಮ ಬಾಗಿಲು ತಟ್ಟೋರು ಯಾರು?

ಎಂಕೋಸ್ ಒಂದೊಂದಾಗಿ ಕಿತ್ತ. ಕಡ್ಡಿಯ ಮಹಿಮೆಯೋ, ಮಳೆಗೇ ಬೇಸರ ಬಂದಿತ್ತೋ, ಹತ್ತನೆಯದು ಕೈಗೆ ಬರುವಷ್ಟರಲ್ಲಿ ಪಂಗ್ರಾಂಗೋ ಬೆಟ್ಟದ ಕಡೆ ಗುಡುಗಿತು. ಈರುಳ್ಳಿ ಬಿಡಿಸಿಕೊಳ್ಳುವುದಕ್ಕೂ ಪುರುಸೊತ್ತು ಕೊಡದೆ ಮಳೆ ಧೋ ಎಂದು ಸುರಿಯಿತು. ಆ ಗದ್ದಲದಲ್ಲೇ ಅತಿಥಿಗಳ ಕೋಣೆಯಿಂದ ಒಂದು ಕಿರುಚು ಕೇಳಿಸಿತು.

ನಿನಿಂಗ್ ಬಕೆಟ್ ಹಿಡಿದಳು, ಎಂಕೋಸ್ ಬೋಗುಣಿ ಹಿಡಿದ. ಇಬ್ಬರೂ ಓಡಿದರು. ಬಾಗಿಲಲ್ಲಿ ಹಮೂದ್ ನಿಂತಿದ್ದರು.

ನಿನಿಂಗ್: ತಪ್ಪಾಯ್ತು ಅಣ್ಣಾ, ಈಗಲೇ ಮಂಚ ಸರಿಸ್ತೀವಿ.

ಹಮೂದ್: ಬೇಡ ತಂಗಿ, ಬೇಡ! ಆ ಬಕೆಟ್ಟೂ ಆಚೆ ಇಡಿ.

ಮಂಚದ ಮೇಲೆ ಮುದುಕಿ ಕಾಲು ಚಾಚಿ ಕೂತಿದ್ದಳು. ಹೆಂಚಿನ ಸಂದಿಯಿಂದ ಬೀಳುವ ಧಾರೆಗೆ ಬೊಗಸೆಯೊಡ್ಡಿ, ಮುಖಕ್ಕೆ ಎರಚಿಕೊಂಡು, ಕಿಲಕಿಲ ನಗುತ್ತಿದ್ದಳು. ಮಗನಿಗೆ ಏನೋ ಕೂಗಿ ಹೇಳಿದಳು.

ಹಮೂದ್: ಅಮ್ಮನಿಗೆ ಮಂಡಿ ನೋವು, ಹೊರಗೆ ಹೋಗಿ ನಿಲ್ಲೋಕಾಗಲ್ಲ. ಮಳೆಯನ್ನೇ ಹಾಸಿಗೆ ತನಕ ಕರ್ಕೊಂಡು ಬಂದಿದ್ದಾರಲ್ಲ, ಇಂಥ ಸೌಕರ್ಯ ಇದೆ ಅಂತ ಫೋನಲ್ಲಿ ಯಾಕೆ ಹೇಳಲಿಲ್ಲ, ಅಂತ ಕೇಳ್ತಿದಾರೆ.

ಎಂಕೋಸ್: ನಮ್ಮ ಬಾಯಿಂದ ನಾವೇ ಹೊಗಳಿಕೊಂಡರೆ ಚೆನ್ನಾಗಿರಲ್ಲ ಅಣ್ಣಾ.

ನಿನಿಂಗ್ ಅವನ ಕಾಲು ತುಳಿದಳು.

ಹಮೂದ್: ಮುಂದಿನ ಜನವರಿಗೆ ಚಿಕ್ಕಮ್ಮನೂ ಬರ್ತಾರಂತೆ. ಎರಡು ಕೋಣೇನೂ ತಿಂಗಳು ಪೂರ್ತಿ ನಮಗೇ ಬೇಕು. ಆದರೆ ಚಿಕ್ಕಮ್ಮನ ಕೋಣೇಲೂ ಮಳೆ ಬರಬೇಕು. ಇಲ್ಲದಿದ್ರೆ ಅಕ್ಕತಂಗೀರಿಗೆ ಜಗಳ.

ನಿನಿಂಗ್: ಬಂದೇ ಬರುತ್ತೆ ಅಣ್ಣಾ, ಅದು ನನ್ನ ಮಾತು! ರೀ, ಕೇಳಿಸ್ತಲ್ಲ? ಏಣಿ ತನ್ನಿ. ಆ ಕೋಣೆ ಮೇಲಿಂದಲೂ ಒಂದು ಹೆಂಚು ತೆಗೀರಿ.

ಎಂಕೋಸ್: ತೂತು ಮುಚ್ಚೋಕೇ ಹತ್ತದವನು ತೂತು ಮಾಡೋಕೆ ಹತ್ತುತ್ತೀನೇನೇ? ಸುಮ್ನಿರು. ಜನವರಿ ತನಕ ನಾನು ಏನೂ ಮಾಡದೇ ಇದ್ರೆ ಸಾಕು, ತೂತು ತಾನಾಗೇ ಆಗುತ್ತೆ.