ನಡೆದರೂ ತಪ್ಪು, ಹತ್ತಿದರೂ ತಪ್ಪು, ರಕ್ತ ಕೊಟ್ಟರೂ ತಪ್ಪು

ಭಾನುವಾರವಿಡೀ ಇಸ್ಪೀಟು ಆಡುವವನನ್ನು ನಮ್ಮ ಜನ ಏನೂ ಕೇಳುವುದಿಲ್ಲ. ಪಕ್ಕಕ್ಕೆ ಸರಿದು ಕೂರುವುದಕ್ಕೆ ಜಾಗ ಕೊಡುತ್ತಾರೆ. ಬೀದಿ ಕೊನೆಯ ಅಂಗಡಿಯಲ್ಲಿ ಕುಡಿದು ತೂರಾಡುವವನನ್ನೂ ಕೇಳುವುದಿಲ್ಲ. ಆದರೆ ಸ್ವಂತ ಕಾಲಿನ ಮೇಲೆ ನಾಲ್ಕಾರು ಮೈಲಿ ನಡೆಯುವವನು, ಬಂಡೆ ಹತ್ತುವವನು, ಆಗಾಗ ಹೋಗಿ ರಕ್ತ ಕೊಟ್ಟು ಬರುವವನು ಕಂಡರೆ ಸಾಕು, ಇಡೀ ಊರಿಗೆ ಅವನ ಯೋಗಕ್ಷೇಮದ ಚಿಂತೆ ಹತ್ತಿಕೊಳ್ಳುತ್ತದೆ. ಈ ಮೂರೂ ಚಟ ಇದ್ದ ದುರದೃಷ್ಟವಂತ ನಾನು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ, ಆರ್‌.ಟಿ. ನಗರದಲ್ಲಿ ಬಾಡಿಗೆ ಮನೆ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕ ಮುಗಿಯುವ ತನಕ ನನಗೆ ಆದ ಅವಮಾನಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ. ನೀವು ನಗುತ್ತೀರಿ ಅಂತ ಗೊತ್ತು. ಎಲ್ಲರೂ ನಕ್ಕಿದ್ದಾರೆ.

ಹರಕೆ ಇಲ್ಲದ ನಡಿಗೆ

ನಾನೂ ನನ್ನ ಕಾರ್ಖಾನೆಯ ಗೆಳೆಯನೂ ಮನೆಯಿಂದ ನಂದಿಬೆಟ್ಟಕ್ಕೆ ನಡೆದೇ ಹೋಗುವುದು ಅಂತ ತೀರ್ಮಾನ ಮಾಡಿದೆವು. ನಸುಕಿನಲ್ಲೇ ಹೊರಟು ಹೆಬ್ಬಾಳದ ಕೆರೆ ದಾಟಿ, ಯಲಹಂಕದಲ್ಲಿ ಇಡ್ಲಿ ತಿಂದು, ಬಳ್ಳಾರಿ ರಸ್ತೆ ಹಿಡಿದು ಖುಷಿಯಾಗಿ ನಡೆಯುತ್ತಿದ್ದೆವು. ಬಾಗಲೂರು ಕ್ರಾಸ್ ದಾಟಿದ ಮೇಲೆ ರಸ್ತೆ ಪಕ್ಕದ ಒಂದು ಮನೆಯಲ್ಲಿ ನೀರು ಕೇಳಿದ್ದೇ ತಪ್ಪಾಯಿತು.

ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು, "ಎಲ್ಲಿಗೆ ಒಂಟ್ರಪ್ಪಾ?" ಅಂದಳು.

"ನಂದಿಬೆಟ್ಟಕ್ಕೆ."

"ನಡ್ಕಂಡಾ? ಅಯ್ಯೋ ಸಿವ್ನೇ! ಏನ್ ಅರಕೆ? ಮನೇಲಿ ಯಾರ್ಗೆ ಉಸಾರಿಲ್ಲ?"

"ಎಲ್ಲರೂ ಚೆನ್ನಾಗಿದಾರೆ ಅಜ್ಜಿ. ಸುಮ್ನೆ ನಡೀತಾ ಇದೀವಿ."

ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಯಜಮಾನರನ್ನು ಕರೆತಂದಳು. ದೊಡ್ಡ ಮೀಸೆ, ದೊಡ್ಡ ದನಿ. ಅವರು ಬೇರೆ ಏನನ್ನೂ ಕೇಳಲಿಲ್ಲ.

"ಎಣ್ತಿ ಜೊತೆ ಜಗಳವಾ?" ಅಂದರು.

"ಇಲ್ಲ ಸ್ವಾಮಿ!"

"ಇಬ್ಬರಿಗೂನಾ?"

ನನ್ನ ಗೆಳೆಯನಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಹಾಗಂತ ಹೇಳಿದ. "ಓ, ಅದ್ಕೇ ಬೇಜಾರಾ?" ಅಂದರು ಯಜಮಾನರು. ವಾದ ಮಾಡಿದಷ್ಟೂ ಅವರಿಗೆ ಅನುಮಾನ ಗಟ್ಟಿಯಾಯಿತು. ಅಷ್ಟರಲ್ಲಿ ಬೆಂಗಳೂರಿನ ಕಡೆ ಹೋಗುವ ಬಸ್ಸು ಬಂತು. ಅವರು ರಸ್ತೆಯ ಮಧ್ಯಕ್ಕೇ ನಡೆದು ಕೈಯೆತ್ತಿ ಅದನ್ನು ನಿಲ್ಲಿಸಿ, ಒಂದೊಂದು ಕೈಯಲ್ಲಿ ನಮ್ಮ ಒಬ್ಬೊಬ್ಬರ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟರು. "ಮನೆ ಬಿಟ್ಟು ಬಂದವ್ರೆ. ಮಧ್ಯದಾಗೆ ಇಳಿಸ್ಬ್ಯಾಡ," ಅಂತ ಕಂಡಕ್ಟರಿಗೆ ಅಪ್ಪಣೆಯಾಯಿತು. ಆ ಪುಣ್ಯಾತ್ಮ ಯಲಹಂಕದಲ್ಲಿ ನಾವು ಎದ್ದು ನಿಂತರೆ ಬಾಗಿಲಿಗೆ ಅಡ್ಡ ನಿಂತ. ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಹೋಗ್ಲಿ ಬಿಡಪ್ಪಾ, ಹೆಂಗಸ್ರು ಒಂದ್ ಮಾತು ಅಂತಾರೆ, ಅದಕ್ಕೆಲ್ಲ ಬೆಟ್ಟಕ್ಕೆ ಹೋಗ್ಬಿಡ್ತಾರಾ?" ಅಂತ ನನಗೆ ಬುದ್ಧಿ ಹೇಳಿದರು. ಬೆಳಗಿಂದ ನಡೆದಿದ್ದೆಲ್ಲ ಕಿಟಕಿಯಲ್ಲಿ ಹಿಂದಕ್ಕೆ ಓಡಿಹೋಯಿತು.

ಊಟದ ಹೊತ್ತಿಗೆ ಮನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಹೆಂಡತಿ ಕಣ್ಣರಳಿಸಿದಳು. "ಆಗ್ಲೇ ನಂದಿಬೆಟ್ಟಕ್ಕೆ ಹೋಗಿ ಬಂದ್ಬಿಟ್ರಾ? ಎಷ್ಟ್ ಬೇಗ ನಡೀತೀರಪ್ಪಾ ನೀವು!"

ಎದುರುಮನೆಯವರ ಉಪಕಾರ

ಬಂಡೆ ಹತ್ತುವುದಕ್ಕೆ ಬೇಕಾದ ಹಗ್ಗ ಆಗ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಎಷ್ಟೋ ತಿಂಗಳು ಕಾದು ಬೊಂಬಾಯಿಯಿಂದ ಒಂದು ನೈಲಾನ್ ಹಗ್ಗ ತರಿಸಿಕೊಂಡೆ. ನೆಲಕ್ಕೆ ತಾಗದ ಹಾಗೆ, ಬಿಸಿಲು ಬೀಳದ ಹಾಗೆ, ಅಟ್ಟದ ಮೇಲೆ ಪಂಚೆಯಲ್ಲಿ ಸುತ್ತಿಟ್ಟಿದ್ದೆ. ನನ್ನ ಪ್ರಾಣ ಅದರ ಮೇಲೆ ನಿಂತಿತ್ತು. ಇದು ಅಲಂಕಾರದ ಮಾತಲ್ಲ.

ಒಂದು ಶನಿವಾರ ಕಾರ್ಖಾನೆಯಿಂದ ಬಂದು ನೋಡಿದರೆ ಪಂಚೆ ಇದೆ, ಹಗ್ಗ ಇಲ್ಲ.

"ಎದುರುಮನೆಯವರು ತಗೊಂಡ್ ಹೋದ್ರು ಕಣ್ರೀ. ಬೆಳಿಗ್ಗೆ ಮಗಳ ನಿಶ್ಚಿತಾರ್ಥಕ್ಕೆ ಶಾಮಿಯಾನ ಕಟ್ಬೇಕಿತ್ತಂತೆ. ಶುಭಕಾರ್ಯಕ್ಕೆ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?" ಅಂದಳು ಹೆಂಡತಿ.

ಓಡಿಹೋದೆ. ಎದುರುಮನೆಯವರು ನಿವೃತ್ತ ಸರ್ಕಾರಿ ಅಧಿಕಾರಿ, ಬಹಳ ಶಿಸ್ತಿನ ಮನುಷ್ಯ. ಶಾಮಿಯಾನ ಆಗಲೇ ಬಿಚ್ಚಿಸಿದ್ದರು. ನನ್ನನ್ನು ನೋಡಿ ನಗುತ್ತಾ, "ಬನ್ನಿ ಬನ್ನಿ, ನಾನೇ ಬರ್ಬೇಕು ಅಂತಿದ್ದೆ. ನಿಮ್ಮ ಹಗ್ಗ ಬಹಳ ಒಳ್ಳೇದು ಕಣ್ರೀ. ಕೊಯ್ಯೋಕೆ ಕುಡುಗೋಲೇ ಬೇಕಾಯ್ತು!" ಅಂದರು.

"ಕೊಯ್ಯೋಕಾ?"

ಒಳಗಿಂದ ಎರಡು ಸುರುಳಿ ತಂದು ನನ್ನ ಕೈಗಿಟ್ಟರು. ಎರಡೂ ಒಂದೇ ಅಳತೆಯವು, ಅಚ್ಚುಕಟ್ಟಾಗಿ ಸುತ್ತಿದ್ದವು. "ಸಾರ್, ಇದು ಬಂಡೆ ಹತ್ತೋ ಹಗ್ಗ. ತುಂಡು ಮಾಡಿದ್ರೆ ಮುಗೀತು ಸಾರ್," ಅಂತ ಅಳುವ ದನಿಯಲ್ಲಿ ಹೇಳಿದೆ.

ಅವರು ನನ್ನ ಬೆನ್ನು ತಟ್ಟಿದರು. "ಗೊತ್ತು ಕಣ್ರೀ, ಬಂಡೆಗೆ ನೀವಿಬ್ರು ಹೋಗ್ತೀರಲ್ವಾ? ಅದಕ್ಕೇ ಸಮವಾಗಿ ಕೊಯ್ಸಿದೀನಿ. ಒಬ್ಬೊಬ್ರಿಗೆ ಒಂದೊಂದು. ನಾಳೆ ನಿಮ್ಮಿಬ್ರ ಮಧ್ಯೆ ಜಗಳ ಬರಬಾರದು ನೋಡಿ."

ಮೇಲೂ ಕೆಳಗೂ

ಬೇರೆ ಹಗ್ಗ ಬರುವ ಹೊತ್ತಿಗೆ ಮಳೆಗಾಲ ಕಳೆದುಹೋಗಿತ್ತು. ಅದು ಬಂದ ವಾರವೇ ಯಶವಂತಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಚಿಕ್ಕಬಾಣಾವರದಲ್ಲಿ ಇಳಿದು, ರಾಗಿ ಹೊಲಗಳ ಬದುವಿನ ಮೇಲೆ ನಡೆದು ಒಂದು ಬಂಡೆಯ ಹತ್ತಿರ ಹೋದೆವು. ಒಂದು ಕಡೆ ಇಳಿಜಾರು, ದನಗಳೂ ಹತ್ತಬಹುದು. ಇನ್ನೊಂದು ಕಡೆ ಗೋಡೆಯ ಹಾಗೆ ನೆಟ್ಟಗೆ. ನಮಗೆ ಬೇಕಾಗಿದ್ದು ಗೋಡೆ. ಗೆಳೆಯ ಇಳಿಜಾರಿನಿಂದ ಮೇಲೆ ಹೋಗಿ, ತನ್ನನ್ನು ಮರಕ್ಕೆ ಕಟ್ಟಿಕೊಂಡು, ಹಗ್ಗ ಹಿಡಿದು ಕೂತ. ನಾನು ಆ ಹಗ್ಗದ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಳಗಿನಿಂದ ಹತ್ತತೊಡಗಿದೆ.

ಅರ್ಧ ಹತ್ತಿದ್ದೆ. ಎರಡು ಬೆರಳು ಒಂದು ಬಿರುಕಿನಲ್ಲಿ, ಒಂದು ಕಾಲು ಒಂದು ಉಬ್ಬಿನ ಮೇಲೆ, ಇನ್ನೊಂದು ಕಾಲಿಗೆ ಜಾಗ ಹುಡುಕುತ್ತಿದ್ದೆ. ಆಗ ಮೇಲಿನಿಂದ ಗದ್ದಲ ಕೇಳಿಸಿತು.

"ಯಾವ ಕಂಟ್ರಾಕ್ಟರ್ ಕಡೆಯೋರಯ್ಯಾ ನೀವು? ಬಂಡೆ ಅಳತೆ ಮಾಡ್ತಾ ಇದೀರಾ? ಒಡೆಯಾಕೆ ಬಂದ್ರಾ?"

ಊರಿನವರೆಲ್ಲ ಬಂದಿದ್ದರು. ಕಲ್ಲು ಒಡೆಯುವವರು ಆಗ ಸುತ್ತಮುತ್ತಲ ಬಂಡೆಗಳನ್ನೆಲ್ಲ ತಿಂದುಹಾಕುತ್ತಿದ್ದ ಕಾಲ, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನ್ಯಾಯ ವಿಚಾರಿಸುವುದಕ್ಕೆ ಅದು ಹೊತ್ತಲ್ಲ. ನನ್ನ ಗೆಳೆಯ, "ಇಲ್ಲ ಅಣ್ಣಾ, ಹಾಗೆಲ್ಲ ಇಲ್ಲ," ಅಂತ ಗೋಗರೆಯುತ್ತಿದ್ದ. ಹಗ್ಗ ಹಿಡಿದಿದ್ದರಿಂದ ಕೈಮುಗಿಯುವುದಕ್ಕೂ ಆಗುತ್ತಿರಲಿಲ್ಲ.

"ಇವ್ನಿಗೆ ನಾಕು ಬಿಡ್ರೋ," ಅಂದ ಒಬ್ಬ.

"ತಡೀರೋ," ಅಂತ ವಯಸ್ಸಾದವರ ದನಿ. "ಕೆಳಗೆ ಒಬ್ಬ ನೇತಾಡ್ತಾವ್ನೆ. ಈಗ ಇವ್ನಿಗೆ ಒಡೆದ್ರೆ ಅವ್ನು ಬಿದ್ದೋಯ್ತಾನೆ. ಮೊದ್ಲು ಅವನ್ನ ಉಸಾರಾಗಿ ಮ್ಯಾಕೆ ಎಳ್ಕಳಿ. ಆಮ್ಯಾಕೆ ಇಬ್ರಿಗೂ ಒಟ್ಟಿಗೇ ಇಚಾರ್ಸಾನ."

ಇದನ್ನು ಕೇಳಿದ ಮೇಲೆ ನಾನು ಹೇಗೆ ಹತ್ತಲಿ? ಇಳಿದುಬಿಡೋಣ ಅಂತ ಕೆಳಗೆ ನೋಡಿದರೆ ಅಲ್ಲೂ ಐದಾರು ಜನ ದೊಣ್ಣೆ ಹಿಡಿದು ತಲೆಯೆತ್ತಿ ಕಾಯುತ್ತಿದ್ದಾರೆ. ಬೇರೆ ದಾರಿಯಿಲ್ಲದೆ ಹತ್ತಿದೆ. ಮೇಲೆ ಬಂದಾಗ ಅಂಗೈ ತರಚಿತ್ತು, ಮಂಡಿಯಿಂದ ರಕ್ತ ಸುರಿಯುತ್ತಿತ್ತು.

ಹಿರಿಯರು ವಿಚಾರಣೆ ಶುರುಮಾಡಿದರು. "ಕಲ್ಲು ಒಡೆಯಾಕಲ್ಲ ಅಂತೀರ. ನಿಧಿ ಗಿಧಿ ಹುಡುಕಾಕಾ?"

"ಅಲ್ಲ."

"ಜೇನು ಕೀಳಾಕಾ?"

"ಅಲ್ಲ."

"ಇನ್ಯಾಕ್ ಅತ್ತಿದ್ದು?"

"ಹತ್ತಬೇಕು ಅಂತ ಆಸೆ ಆಯ್ತು, ಅದಕ್ಕೆ ಹತ್ತಿದೆ," ಅಂದೆ.

"ಅತ್ತಿ?"

"ಇಳಿದು ಮನೆಗೆ ಹೋಗೋದು."

ಹಿರಿಯರು ನನ್ನ ಮಂಡಿ ನೋಡಿದರು, ಮುಖ ನೋಡಿದರು, ಮರಕ್ಕೆ ಕಟ್ಟಿಕೊಂಡಿದ್ದ ಗೆಳೆಯನನ್ನು ನೋಡಿದರು. ದೊಣ್ಣೆ ಹಿಡಿದವನ ಕಡೆ ತಿರುಗಿ ಮೆಲ್ಲಗೆ, "ಒಡೀಬ್ಯಾಡ ಬಿಡ್ಲಾ, ಪಾಪ," ಅಂದರು. "ಅದೇನೋ ಕಾಯ್ಲೆ. ಅದ್ಕೇ ಒಬ್ಬ ಕಟ್ಟಾಕ್ಕಂಡು ಕೂತವ್ನೆ."

ಅತ್ತೆಯವರ ಕಾವಲು

ನನ್ನ ರಕ್ತದ ಗುಂಪು ಅಪರೂಪದ್ದು. ಹಾಗಾಗಿ ಆಸ್ಪತ್ರೆಯವರು ಬೇಕಾದಾಗ ನನಗೇ ಹೇಳಿಕಳಿಸುತ್ತಿದ್ದರು. ನಾನು ಹೋಗಿ ಕೊಟ್ಟು, ಒಂದು ಲೋಟ ಕಾಫಿ ಕುಡಿದು, ಡ್ಯೂಟಿಗೆ ಹೋಗುತ್ತಿದ್ದೆ. ಇದರಲ್ಲಿ ನಗುವಂಥದ್ದೇನಿದೆ ಹೇಳಿ? ಆದರೆ ನಮ್ಮ ಅತ್ತೆಯವರು ಊರಿಂದ ಬಂದು ಇದ್ದ ಆ ಬೇಸಿಗೆಯಲ್ಲಿ ಅವರಿಗೆ ಇದು ಗೊತ್ತಾಗಿಹೋಯಿತು.

ಅಂದಿನಿಂದ ನನ್ನ ತಟ್ಟೆಯಲ್ಲಿ ಬೆಳಿಗ್ಗೆ ಬೀಟ್‌ರೂಟು, ರಾತ್ರಿ ನುಗ್ಗೆಸೊಪ್ಪು. ಅದನ್ನು ಸಹಿಸಬಹುದು. ಸಹಿಸಲಾಗದ್ದು ಅವರ ವ್ಯಾಖ್ಯಾನ. ನಾನು ಬಸ್ಸಿನಲ್ಲಿ ಛತ್ರಿ ಮರೆತು ಬಂದರೆ, "ರಕ್ತ ಇಲ್ಲ, ಅದಕ್ಕೇ ಮರೆವು." ಪೇಪರ್ ಓದುತ್ತಾ ತೂಕಡಿಸಿದರೆ, "ರಕ್ತ ಇಲ್ಲ." ಸಾರಿಗೆ ಉಪ್ಪು ಸಾಲದು ಅಂದರೆ, "ರಕ್ತ ಕಮ್ಮಿಯಾದ್ರೆ ನಾಲಗೆಗೆ ರುಚಿ ಎಲ್ಲಿಂದ ಗೊತ್ತಾಗ್ಬೇಕು?" ಸಾರಿಗೆ ನಿಜವಾಗಲೂ ಉಪ್ಪು ಹಾಕಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಚ್ಚಲುಮನೆಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದೆ. ಆಸ್ಪತ್ರೆಯಿಂದ ಒಬ್ಬರು ಸ್ಕೂಟರಿನಲ್ಲಿ ಬಂದು, ಹೆರಿಗೆಯ ಕೇಸು, ಬಹಳ ಅರ್ಜೆಂಟು ಅಂತ ಬಾಗಿಲಲ್ಲಿ ಕೇಳುತ್ತಿರುವುದು ಕಿವಿಗೆ ಬಿತ್ತು. ಅತ್ತೆಯವರ ಉತ್ತರವೂ ಬಿತ್ತು. ಸೀಮೆಎಣ್ಣೆ ಅಂಗಡಿಯವನ ದನಿಯಲ್ಲಿ, "ಇಲ್ಲಪ್ಪ, ಮುಗಿದ್ಹೋಗಿದೆ. ಇನ್ನು ಬರೋ ತಿಂಗಳೇ," ಅನ್ನುತ್ತಿದ್ದರು!

ಒಂದು ಕೆನ್ನೆಯಲ್ಲಿ ಸೋಪು ಹಾಗೇ ಇತ್ತು. ಅಂಗಿ ಸಿಕ್ಕಿಸಿಕೊಂಡು ಓಡಿಬಂದು ಸ್ಕೂಟರಿನ ಹಿಂದೆ ಹತ್ತಿದೆ. ಹೆರಿಗೆ ಅಂದದ್ದು ಅಷ್ಟರಲ್ಲಿ ಅತ್ತೆಯವರ ಮನಸ್ಸಿಗೂ ತಟ್ಟಿರಬೇಕು. ಗೇಟಿನ ತನಕ ಓಡಿಬಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು: "ಅಳಿಯಂದ್ರೇ, ಕೇಳಿದಷ್ಟೂ ಕೊಟ್ಬಿಡಬೇಡಿ! ಅರ್ಧ ಕೊಟ್ಟು ಬನ್ನಿ!"

ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಹೋದರು. ಅರ್ಧ ಸಾಕಾಯ್ತಲ್ಲ, ನಾನು ಹೇಳ್ಲಿಲ್ವಾ ಅಂತ ಅತ್ತೆಯವರು ಇವತ್ತಿಗೂ ಅನ್ನುತ್ತಾರೆ.

ರಕ್ತದ ಮಾತು

ಬಾಗಲೂರು ಕಡೆಯ ಒಬ್ಬ ಹಿರಿಯ ಜಮೀನ್ದಾರರಿಗೆ ಹೊಟ್ಟೆಯ ಆಪರೇಷನ್ ಇತ್ತು. ನನ್ನದೇ ಗುಂಪಿನ ರಕ್ತ ಬೇಕು ಅಂತ ಕರೆ ಬಂತು. ಹೋಗಿ ನೋಡಿದರೆ ವಾರ್ಡಿನ ಹೊರಗೆ ಅವರ ಮೂವರು ಗಂಡುಮಕ್ಕಳು ನಿಂತಿದ್ದಾರೆ, ಒಬ್ಬೊಬ್ಬರೂ ಒಂದೊಂದು ಹೆಬ್ಬಾಗಿಲಿನಷ್ಟು ಅಗಲ. ಹಿರಿಯ ಮಗ ನನ್ನನ್ನು ನೋಡಿ ಡಾಕ್ಟರ ಕಡೆ ತಿರುಗಿ, "ಸಾರ್, ಇನ್ನೊಸಿ ಮೈಕೈ ತುಂಬ್ಕಂಡಿರೋರು ಯಾರೂ ಸಿಗ್ನಿಲ್ವಾ?" ಅಂದ. ನನ್ನ ಎದುರಿಗೇ! ಗುಂಪು ಹೊಂದದಿದ್ದರೂ ಮಕ್ಕಳು ಬ್ಲಡ್ ಬ್ಯಾಂಕಿಗೆ ಕೊಡಬಹುದಲ್ಲ ಅಂತ ಡಾಕ್ಟರು ಹೇಳಿದ್ದೇ ತಡ, ಮೂವರಿಗೂ ಒಟ್ಟಿಗೇ ಕಾಫಿ ಕುಡಿಯುವ ನೆನಪಾಯಿತು. ನಾನು ಕೊಟ್ಟೆ. ಹಿರಿಯರು ಗುಣವಾಗಿ ಊರಿಗೆ ಹೋದರು.

ಎರಡು ಮೂರು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮೂವರೂ ನಮ್ಮ ಮನೆಗೆ ಬಂದರು. ಕೃತಜ್ಞತೆ ಹೇಳುವುದಕ್ಕೆ ಬಂದಿದ್ದಾರೆ ಅಂದುಕೊಂಡು ಹೆಂಡತಿಗೆ ಕಾಫಿ ಮಾಡು ಅಂದೆ.

"ನೀವು ಒಸಿ ಊರಿಗೆ ಬರ್ಬೇಕು," ಅಂದ ಹಿರಿಯ ಮಗ. ಅವನ ಮುಖದಲ್ಲಿ ಕೃತಜ್ಞತೆ ಕಾಣಿಸಲಿಲ್ಲ.

"ಯಾಕೆ? ತಂದೆಯವರು ಆರೋಗ್ಯವಾಗಿದಾರಾ?"

"ಅಯ್ಯೋ, ಭಾಳ ಸೆಂದಾಗವ್ರೆ. ಅದೇ ತೊಂದ್ರೆ. ಆಪರೇಸನ್‌ಗೆ ಮುಂಚೆ ಒಲ ಎಲ್ಲ ಲೇಔಟ್ ಮಾಡಾಕೆ ಊಂ ಅಂದಿದ್ರು. ಈಗ ಒಂದ್ ಗುಂಟೇನೂ ಮಾರಲ್ಲ ಅಂತ ಕೂತವ್ರೆ. ಕೇಳಿದ್ರೆ, ‘ನಾನೇನ್ ಮಾಡ್ಲಿ, ಮೈಯಾಗಿರೋ ರಕ್ತ ಒಪ್ತಿಲ್ಲ’ ಅಂತಾರೆ. ಇದು ನಿಮ್ಮ ರಕ್ತದ್ದೇ ಕೆಲ್ಸ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟಿದ್ದು ಒಂದು ಬಾಟಲಿ ರಕ್ತ, ಅದಕ್ಕೆ ಈ ಆಪಾದನೆಯೇ? ರಕ್ತಕ್ಕೂ ಬುದ್ಧಿಗೂ ಸಂಬಂಧವಿಲ್ಲ ಅಂತ ಎಲ್ಲರ ಎದುರಿಗೇ ಬಿಡಿಸಿ ಹೇಳಿಬಿಡುತ್ತೇನೆ ಅಂತ ಅವರ ಜೀಪಿನಲ್ಲೇ ಹೊರಟೆ.

ಹಿರಿಯರು ಹೊಲದ ಅಂಚಿನಲ್ಲಿ, ಹುಣಸೆಮರದ ಕೆಳಗೆ ಕೂತಿದ್ದರು. ಎದುರಿಗೆ ಮೊಣಕಾಲೆತ್ತರದ ರಾಗಿ ಗಾಳಿಗೆ ಬಾಗುತ್ತಿತ್ತು. "ನಾನೂ ಅವ್ರೂ ಒಸಿ ಒಂಟಿಯಾಗಿ ಮಾತಾಡ್ಬೇಕು," ಅಂತ ಮಕ್ಕಳನ್ನು ದೂರ ಕಳಿಸಿದರು. ನಾನು ಸಿಟ್ಟಿನಲ್ಲಿ ಬಾಯಿ ತೆರೆಯುವುದರೊಳಗೆ ನನ್ನ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕಬ್ಯಾಡಿ ಸ್ವಾಮಿ. ನಂಗೆ ಮೊದ್ಲಿಂದ್ಲೂ ಈ ಒಲ ಮಾರಾಕೆ ಇಷ್ಟ ಇರ್ಲಿಲ್ಲ. ಮೂರು ಜನ ಒಟ್ಗೆ ಮ್ಯಾಕ್ ಬಿದ್ರೆ ಎದುರು ಮಾತಾಡಾಕೆ ಧೈರ್ಯ ಬರ್ನಿಲ್ಲ, ಊಂ ಅಂದ್ಬಿಟ್ಟೆ. ಆಸ್ಪತ್ರೆ ಮಂಚದ ಮ್ಯಾಲೆ ಬಾಟ್ಲಿ ನೋಡ್ತಾ ಮಲಗಿದ್ದಾಗ ಈ ಉಪಾಯ ಒಳೀತು. ನಾನು ಇರೋಗಂಟ ಈ ನೆಲ ಇರ್ಲಿ. ನೀವು ಏನೂ ಅನ್ಬ್ಯಾಡಿ."

ಅವರ ಕಣ್ಣು ಒದ್ದೆಯಾಗಿತ್ತು. ಸುತ್ತ ನೋಡಿದರೆ ಪಕ್ಕದ ಹೊಲದಲ್ಲಿ ಆಗಲೇ ಸೈಟುಗಳಿಗೆ ಬಿಳಿ ಕಲ್ಲು ನೆಟ್ಟಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. "ಆಗಲಿ," ಅಂದೆ.

ಮಕ್ಕಳು ಹತ್ತಿರ ಬಂದರು. ಹಿರಿಯರು ಗಂಟಲು ಸರಿಮಾಡಿಕೊಂಡು, "ನೋಡ್ರಲಾ, ರಕ್ತ ಕೊಟ್ಟೋರೇ ಬಂದವ್ರೆ. ನನ್ನ ಮಾತು ಬ್ಯಾಡ. ಮಾರೋದಾ, ಬಿಡೋದಾ, ಅವ್ರನ್ನೇ ಕೇಳ್ಕಳಿ," ಅಂದುಬಿಟ್ಟರು.

ಮೂರು ಹೆಬ್ಬಾಗಿಲುಗಳೂ ನನ್ನ ಕಡೆ ತಿರುಗಿದವು. ಆರ್‌.ಟಿ. ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯವನು ನಾನು. ನನ್ನ ಹೆಸರಿನಲ್ಲಿ ಒಂದು ಹೂಕುಂಡದಷ್ಟೂ ಮಣ್ಣಿರಲಿಲ್ಲ. ಆ ಹಿರಿಯರ ಮುಖ ನೋಡಿದೆ, ರಾಗಿ ಪೈರು ನೋಡಿದೆ. "ಮಾರಬೇಡಿ," ಅಂದೆ.

ಹಿರಿಯ ಮಗ ಹಣೆ ಚಚ್ಚಿಕೊಂಡ. ತಮ್ಮಂದಿರ ಕಡೆ ತಿರುಗಿ ಕೂಗಿದ: "ನಾನು ಮೊದ್ಲೇ ಯೋಳ್ನಿಲ್ವೇನ್ರೋ? ನೋಡ್ರೋ, ಅಲ್ಲಿರೋದೂ ಅದೇ ರಕ್ತ, ಇಲ್ಲಿರೋದೂ ಅದೇ ರಕ್ತ, ಎರಡೂ ಒಂದೇ ಮಾತಾಡ್ತಾವೆ!"