ಬೀದಿ ಬಾಯಿಗೆ ಬೀಗ

ಭಾನುವಾರ ಬೆಳಗ್ಗೆ ಪ್ರಸನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವ್ವ ಬೆಟ್ಟಮ್ಮ ಬಾಂಬು ಹಾಕಿದಳು.

"ಎಣ್ಣಿನ್ ಅಪ್ಪ ಮಳವಳ್ಳೀಲಿ ಬಸ್ ಅತ್ತವ್ರಂತೆ ಕಣ್ಲಾ. ಮೊದ್ಲು ಬೀದೀಲಿ ವಿಚಾರಿಸ್ಕಂಡು ಆಮ್ಯಾಕೆ ಮನೇಗ್ ಬತ್ತಾರಂತೆ."

ಬೀದಿಯಲ್ಲಿ ವಿಚಾರಿಸುವುದೇ! ಮಂಡ್ಯದ ಗರಡಿಮನೆ ಬೀದಿಗೆ ಪ್ರಸನ್ನನ ಬಗ್ಗೆ ಗೊತ್ತಿಲ್ಲದ್ದಾದರೂ ಏನಿತ್ತು? "ಅವ್ವ ಇನ್ನೂ ಅಡುಗೆ ಮಾಡಿಲ್ಲ" ಅಂತ ಸುಳ್ಳು ಹೇಳಿ ಮನೆಮನೆಯಲ್ಲೂ ಮುದ್ದೆ ಉಂಡು ಬೆಳೆದವನು. ಯಾರ ಜಗಲಿಯ ಮೇಲೆ ನಿದ್ದೆ ಹೋದರೂ ಯಾರೋ ಒಬ್ಬರು ಎತ್ತಿ ತಂದು ಮನೆಗೆ ಹಾಕುತ್ತಿದ್ದರು. ಆ ಕಾಲ ನೆನೆದರೆ ಅವನಿಗೆ ಈಗಲೂ ಕಣ್ಣು ತುಂಬುತ್ತದೆ, ನಿಜ. ಆದರೆ ಸೂಜಿ ಚುಚ್ಚುವ ನರ್ಸಮ್ಮನಿಗೆ ಹೆದರಿ, ಮೈಮೇಲೆ ನೂಲೆಳೆಯೂ ಇಲ್ಲದೆ ಬೀದಿಯುದ್ದ ಓಡಿ ಸೋಮಮ್ಮನ ಕೋಳಿಗೂಡಿಗೆ ನುಗ್ಗಿದ್ದೂ ಅದೇ ಕಾಲದಲ್ಲಿ. ಹೋದ ವರ್ಷ ಮದ್ದೂರಿನವರು ಸಂಬಂಧಕ್ಕೆ ವಿಚಾರಿಸಲು ಬಂದಾಗ ಎದುರುಮನೆ ಸೋಮಮ್ಮ ಆ ಕತೆಯನ್ನು ಕೋಳಿ ಕೂಗಿನ ಸಮೇತ ಆಡಿ ತೋರಿಸಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕು ಹೋದವರು ತಿರುಗಿ ಫೋನೇ ಮಾಡಲಿಲ್ಲ.

ಈಗ ಮಳವಳ್ಳಿಯ ಈ ಹುಡುಗಿ ದೀಪಿಕ. ಫೋನಿನಲ್ಲಿ ಎರಡು ಮಾತಾಡಿದ್ದಳು, ಆ ದನಿಗೇ ಇವನು ಸೋತುಹೋಗಿದ್ದ. ವಯಸ್ಸು ಮೂವತ್ತೈದು ದಾಟಿತ್ತು. ಇದೂ ತಪ್ಪಿದರೆ ಮುಗಿಯಿತು! ಪ್ರಸನ್ನ ಬರಿಗಾಲಲ್ಲಿ ಸೋಮಮ್ಮನ ಮನೆಗೆ ಓಡಿದ.

"ಅಮ್ಮಾ, ಕೈ ಮುಗೀತೀನಿ, ನನ್ ಚಿಕ್ಕಂದಿನ ಸುದ್ದಿ ಬಾಯ್ ಬುಡಬ್ಯಾಡ!"

"ನಿನ್ ಕುಂಡಿ ತೊಳ್ದೋಳು ಕಣ್ಲಾ ನಾನು. ಒಳ್ಳೇದೇ ಏಳ್ತೀನಿ ಬುಡು."

"ಒಳ್ಳೇದೂ ಬ್ಯಾಡ! ಒಳ್ಳೇದ್ರಿಂದ ಸುರು ಮಾಡಿ ಕೋಳಿಗೂಡ್ಗೇ ಓಯ್ತೀಯ ನೀನು! ಮಾರಮ್ಮನ್ ಮ್ಯಾಲೆ ಆಣೆ ಇಡು."

ಸೋಮಮ್ಮ ಮೂತಿ ಉಬ್ಬಿಸಿಕೊಂಡೇ ಆಣೆ ಇಟ್ಟಳು. ಅಂಗಡಿ ಹೊನ್ನಯ್ಯನೂ ಇಟ್ಟ. "ಅದ್ ಬುಟ್ರೆ ನಿನ್ ಬಗ್ಗೆ ಏಳಾಕೆ ಇನ್ನೇನ್ಲಾ ಅದೆ?" ಅಂತ ಗೊಣಗಿದ. ಅರ್ಧ ಗಂಟೆಯಲ್ಲಿ ಇಡೀ ಬೀದಿ ಮಾರಮ್ಮನ ಆಣೆಗೆ ಸಿಕ್ಕಿಕೊಂಡಿತು.

ಕಿಟಕಿಯ ಸಂದಿನಲ್ಲಿ ಪ್ರಸನ್ನ ಇಣುಕುತ್ತ ನಿಂತ. ದೀಪಿಕಳ ಅಪ್ಪ ಚಿಕ್ಕಬೋರಯ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವಲು, ಹೊನ್ನಯ್ಯನ ಅಂಗಡಿ ಮುಂದೆ ನಿಂತು ಏನೋ ಕೇಳಿದರು. ಹೊನ್ನಯ್ಯನ ಬಾಯಿ ತೆರೆಯಿತು. ಪ್ರಸನ್ನನ ಜೀವ ಬಾಯಿಗೆ ಬಂತು. ಹೊನ್ನಯ್ಯ ಗಬಕ್ಕನೆ ಬಾಯಿ ಮುಚ್ಚಿಕೊಂಡು ಹಾಡುಹಗಲಲ್ಲೇ ಶಟರು ಎಳೆದುಬಿಟ್ಟ. ಸೋಮಮ್ಮ ಬಾಯಿಗೆ ಸೆರಗು ತುರುಕಿಕೊಂಡು ಒಳಗೋಡಿ ಚಿಲಕ ಹಾಕಿದಳು. ಪಕ್ಕದ ಮನೆಯವರು ಕಿಟಕಿಯನ್ನೂ ಎಳೆದುಕೊಂಡರು.

ಗೆದ್ದೆ ಅಂದುಕೊಂಡ ಪ್ರಸನ್ನ.

ಮನೆಗೆ ಬಂದ ಚಿಕ್ಕಬೋರಯ್ಯ ಕುರ್ಚಿಯ ತುದಿಯಲ್ಲಿ ಕೂತರು. ಬೆಟ್ಟಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ.

"ಉಟ್ಟಿ ಬೆಳ್ದ ಬೀದಿ ಅಂತೀರಿ. ನಿಮ್ಮುಡ್ಗನ್ ಎಸ್ರು ಎತ್ತಿದ್ರೆ ಜನ ಬಾಗ್ಲು ಆಕ್ಕತಾರೆ. ಅಂಗ್ಡಿಯೋನು ಯಾಪಾರ ಬುಟ್ಟು ಸಟ್ರು ಎಳ್ದ. ಈಪಾಟಿ ಎದ್ರುಸಿ ಮಡಗವ್ನಲ್ಲ, ಅಂತಾದ್ದೇನಮ್ಮ ಮಾಡವ್ನೆ ಇವ್ನು?" ಅಂತ ಎದ್ದೇಬಿಟ್ಟರು. "ನಮ್ ಎಣ್ಣು ನಮ್ಗೇನ್ ಬಾರ ಅಲ್ಲ."

ಪ್ರಸನ್ನ ಬೀದಿಗೆ ಹಾರಿ ಸೋಮಮ್ಮನ ಬಾಗಿಲು ಬಡಿದ. "ಏಳಮ್ಮಾ! ಕೋಳಿಗೂಡಿನ್ ಕತೆ ಏಳು!"

"ಆಣೆ ಇಕ್ಸಿದ್ದೀಯ ಕಣ್ಲಾ, ಕಣ್ ಓಯ್ತವೆ," ಅಂತ ಒಳಗಿಂದಲೇ ಅಂದಳು.

ಇನ್ನೇನು ಮಾಡಿಯಾನು ಪಾಪ? ಮೂಲೆ ತಿರುಗುತ್ತಿದ್ದ ಚಿಕ್ಕಬೋರಯ್ಯನವರ ಹಿಂದೆ ಓಡಿದ.

"ಯಜಮಾನ್ರೇ, ನಿಂತ್ಕಳಿ! ನಾನೇ ಏಳ್ತೀನಿ! ಇದೇ ಬೀದೀಲಿ ಬೆತ್ಲೆ ಓಡಿದ್ದೆ! ಸೋಮಮ್ಮನ್ ಕೋಳಿಗೂಡ್ಗೆ ನುಗ್ಗಿದ್ದೆ!"

ಎಷ್ಟನೇ ವಯಸ್ಸಿನಲ್ಲಿ ಅನ್ನುವುದನ್ನು ಹೇಳುವಷ್ಟರಲ್ಲಿ ಚಿಕ್ಕಬೋರಯ್ಯ ಪಂಚೆ ಎತ್ತಿ ಕಟ್ಟಿ ಆಟೊ ಹತ್ತಿ ಆಗಿತ್ತು.

ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಪ್ರಸನ್ನ ನಡುಬೀದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಸೋಮಮ್ಮ ಬಾಯಿಂದ ಸೆರಗು ತೆಗೆದು ಹೊನ್ನಯ್ಯನ ಕಡೆ ತಿರುಗಿದಳು.

"ಲೇ ಒನ್ನಯ್ಯ, ನಾವ್ ಆಣೆ ಇಟ್ಟಿದ್ದು ಇವನ್ ಚಿಕ್ಕಂದಿನ ಸುದ್ದಿಗೆ ತಾನೆ? ಇವತ್ತಿನ್ ಸುದ್ದಿ ಏಳ್ಬೋದಲ್ವಾ?"