ಧಾರವಾಡಕ್ಕೆ ಹೋದ ವೆಬ್‌ಸೈಟು

"ಬರ್ರಿ, ಕೂಡ್ರಿ. ಯಾರ ಪೈಕಿ ನೀವು?"

ಕಂಪ್ಯೂಟರಿನೊಳಗಿಂದ ವೆಬ್‌ಸೈಟು ಹೀಗೆ ಕೇಳಿದಾಗ ಗುರುಶಾಂತಪ್ಪ ಕಮತರ ಎದ್ದು ನಿಂತು ಕೈಮುಗಿದರು. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ವಧೂವರ ಏಜೆನ್ಸಿ ನಡೆಸುತ್ತಿದ್ದ ಅವರಿಗೆ ಇಷ್ಟು ಮರ್ಯಾದೆಯಿಂದ ಯಾರೂ ಮಾತಾಡಿಸಿರಲಿಲ್ಲವಂತೆ.

ಪಕ್ಕದಲ್ಲಿ ನಿಂತಿದ್ದ ವಿಮಲಾ ಹೂಗಾರ ಬೀಗಿದಳು. ಕಂಪ್ಯೂಟರ್ ಕಲಿಸುವ ನೌಕರಿ ಬಿಟ್ಟು ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ ಅದು. ಫೋಟೋ, ಫೋನ್ ನಂಬರು ತೋರಿಸುವ ಸೈಟನ್ನು ಯಾರು ಬೇಕಾದರೂ ಮಾಡುತ್ತಾರೆ. ತನ್ನದು ಬಂದವರ ಮುಖ ನೋಡಿ, ಮನಸ್ಸು ತಿಳಿದು ಮಾತಾಡಬೇಕು ಎಂದು ಹಟ ತೊಟ್ಟಿದ್ದಳು. ಮಾತು ಕಲಿಸಲು ದೂರ ಹೋಗಿರಲಿಲ್ಲ. ನಲವತ್ತು ಮದುವೆ ಕುದುರಿಸಿದ್ದ ತನ್ನ ಅತ್ತೆಯ ಮಾತನ್ನೇ ಮೂರು ತಿಂಗಳು ರೆಕಾರ್ಡ್ ಮಾಡಿ ಅದಕ್ಕೆ ಉಣಿಸಿದ್ದಳು.

ಮರುದಿನವೇ ಎಡವಟ್ಟಾಯಿತು. ಗದಗಿನಿಂದ ಬಂದ ವರನನ್ನು ಕ್ಯಾಮೆರಾದಲ್ಲಿ ಅಡಿಯಿಂದ ಮುಡಿಯವರೆಗೆ ನೋಡಿದ ಸೈಟು, "ತಮ್ಮಾ, ಈ ಕೂದಲಾ ಎಲ್ಲಿ ತಗೊಂಡಿ?" ಎಂದು ಹೆಣ್ಣಿನವರ ಎದುರಿಗೇ ಕೇಳಿತು. ಎರಡೂ ಕಡೆಯವರು ಎದ್ದು ಹೋದರು.

ವಿಮಲಾ ಎದೆಗುಂದಲಿಲ್ಲ. ಅತ್ತೆಯ ಮಾತಿನಲ್ಲಿದ್ದ ಚುಚ್ಚುಮಾತನ್ನೆಲ್ಲ ಒಂದು ವಾರ ಕೂತು ಹೆಕ್ಕಿ ತೆಗೆದಳು. ಬರೀ ಉಪಚಾರ ಉಳಿಯಿತು. ಆಮೇಲೆ ಸೈಟಿಗೆ ಬಂದವರು ಹೊರಗೆ ಹೋಗುವುದೇ ಕಷ್ಟವಾಯಿತು. ಮುಚ್ಚುವ ಗುಂಡಿಗೆ ಬೆರಳು ಇಟ್ಟರೆ ಗುಂಡಿ ಪಕ್ಕಕ್ಕೆ ಸರಿಯುತ್ತಿತ್ತು. ಚಹಾ ಕುಡಿಯದೆ ಎದ್ದರೆ ಹೇಗೆ ಎಂದು ಸೈಟು ಕೇಳುತ್ತಿತ್ತು. ಬ್ಯಾಂಕಿನ ಮ್ಯಾನೇಜರೊಬ್ಬರು ಮೂರು ತಾಸು ಸಿಕ್ಕಿಬಿದ್ದು, ಕೊನೆಗೆ ಚಹಾ ತರಿಸಿ ಫೋನಿಗೆ ತೋರಿಸಿ ಕುಡಿದ ಮೇಲೆ ಬಿಡುಗಡೆಯಾದರು.

ಗುರುಶಾಂತಪ್ಪನವರು ಕೈಚೆಲ್ಲಿದರು. ಹಳೆಯ ಫೋಟೋ ಆಲ್ಬಮ್ಮೇ ಸಾಕು, ಅದು ಮಾತಾಡುವುದಿಲ್ಲ ಎಂದರು.

"ಸೋಮವಾರದ ತನಕ ಬಿಡ್ರಿ," ಎಂದಳು ವಿಮಲಾ. "ಸರಿ ಹೋಗಲಿಲ್ಲಂದ್ರ ನನ್ನ ಕೈಯಾರ ಅಳಸ್ತೀನಿ."

ನಾಲ್ಕು ಮನೆ ತಿರುಗಿದರೆ ರೀತಿ ರಿವಾಜು ತಾನಾಗಿ ಬರುತ್ತದೆಂದು, ಬೇರೆ ಏಜೆನ್ಸಿಗಳ ಸೈಟು ನೋಡಿ ಕಲಿಯುವಂತೆ ಅದನ್ನು ಹೊರಗೆ ಬಿಟ್ಟಳು. ಅದು ಒಂದೊಂದನ್ನೂ ಮಾತಾಡಿಸಿತು, ವಯಸ್ಸು ಕೇಳಿತು, ವೇಗ ಕೇಳಿತು, ಜಾಹೀರಾತು ತೋರಿಸುವ ಚಟವಿದೆಯೇ ಎಂದು ವಿಚಾರಿಸಿತು.

ಸೋಮವಾರ ತೆರೆದರೆ ಪುಟ ಖಾಲಿ. ನಡುವೆ ಒಂದು ರಂಗೋಲಿ, ಕೆಳಗೆ ಒಂದೇ ಸಾಲು: "ಧಾರವಾಡದಾಗ ಚಲೋ ಮನಿ ಸಿಕ್ಕೈತಿ. ಅಲ್ಲಿಗೆ ಬರ್ರಿ."

ಧಾರವಾಡದ ಏಜೆನ್ಸಿಯ ಸೈಟಿಗೆ ಹೋಗಿ ನೋಡಿದರೆ ಎರಡೂ ಸೈಟು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತಿದ್ದವು. ವಿಮಲಾ ಎರಡು ದಿನ ತಿಣುಕಿದಳು, ಬಿಡಿಸಲು ಬರಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಸ್ವಂತ ವೆಬ್‌ಸೈಟಿಗೇ ಸಂಬಂಧ ಹುಡುಕಿದವರು ನಮ್ಮ ಮಕ್ಕಳಿಗೆ ಹುಡುಕದೆ ಇರುತ್ತಾರೆಯೇ ಎಂದು ಜನ ಸಾಲುಗಟ್ಟಿದರು. ಗುರುಶಾಂತಪ್ಪನವರೂ ಧಾರವಾಡದವರೂ ಬೀಗರಾದರು. ಎರಡೂ ಕಚೇರಿಯ ಕೆಲಸ ವಿಮಲಾಳಿಗೇ ಬಂತು.

ಹತ್ತನೆಯ ತಿಂಗಳಿಗೆ ಪುಟದ ಮೂಲೆಯಲ್ಲಿ ಸಣ್ಣದೊಂದು ಕಿಟಕಿ ಕಾಣಿಸಿತು. ಅದರಲ್ಲಿ ಅಕ್ಷರವಿಲ್ಲ, ಚಿತ್ರವಿಲ್ಲ, ಒತ್ತಿದರೆ ಅಳುತ್ತಿತ್ತು. ಇದೇನು ಹೊಸ ದೋಷವೆಂದು ಗುರುಶಾಂತಪ್ಪನವರು ಗಾಬರಿಯಿಂದ ಕೈ ಮುಂದೆ ಮಾಡಿದರು.

ವಿಮಲಾ ಮೌಸನ್ನು ಮೆಲ್ಲಗೆ ದೂರ ಸರಿಸಿದಳು.

"ಮುಟ್ಟಬ್ಯಾಡ್ರಿ. ಈಗಷ್ಟ ಮಲಗೈತಿ."